ಹೋದವನ ಜಾಗದಲ್ಲಿ ಏನನ್ನಿಡಬೇಕು? ಕ್ಯಾಬರೆ ವಾಲ್ಟೇರ್ ತಂಡದ ದನಿ ಬದಲಾದ ಬಗೆ

1

1975ನೇ ಇಸವಿ ಮೇ 13. ಇಂಗ್ಲೆಂಡಿನ ಷೆಫೀಲ್ಡ್ ಎಂಬ ಉಕ್ಕಿನ ಊರಿನ ವಿಶ್ವವಿದ್ಯಾಲಯದಲ್ಲಿ ಒಂದು ಡಿಸ್ಕೋ ರಾತ್ರಿ. ಕುಣಿಯೋಕೆ ಬಂದಿದ್ದ ಹುಡುಗರ ಮುಂದೆ ಮೂವರು ಯುವಕರು ವೇದಿಕೆ ಹತ್ತಿದರು. ರಾಕ್ ಸಂಗೀತದವರು ಅಂತ ನಂಬಿ ಅವರನ್ನು ಕರೆದಿದ್ದರು. ಆದರೆ ಅವರಲ್ಲಿ ಡ್ರಮ್ ಬಾರಿಸುವವನೇ ಇರಲಿಲ್ಲ. ತಾಳಕ್ಕೆ ಅವರು ಇಟ್ಟುಕೊಂಡಿದ್ದು ಒಂದು ಟೇಪು. ಟೇಪಿನಲ್ಲಿದ್ದದ್ದು ಸ್ಟೀಮ್ ಹ್ಯಾಮರಿನ ಸದ್ದು, ಅಂದರೆ ಉಕ್ಕಿನ ಕಾರ್ಖಾನೆಗಳಲ್ಲಿ ಹಬೆಯ ಬಲದಿಂದ ಎದ್ದು ಬೀಳುವ ದೊಡ್ಡ ಸುತ್ತಿಗೆಯ ಸದ್ದು. ಅದರ ಮೇಲೆ ಒಬ್ಬ ಬಣ್ಣದ ದೀಪ ಹೊಲಿದುಕೊಂಡ ಅಂಗಿ ತೊಟ್ಟು ಕ್ಲಾರಿನೆಟ್ ಊದುತ್ತಿದ್ದ. ಸ್ವಲ್ಪ ಹೊತ್ತಿಗೆ ಜನ ವೇದಿಕೆಗೇ ನುಗ್ಗಿದರು. ಹೊಡೆದಾಟವಾಯಿತು. ಹಾಡುವವನು ಬಿದ್ದು ಬೆನ್ನಿಗೆ ಪೆಟ್ಟು ಮಾಡಿಕೊಂಡು ಆಸ್ಪತ್ರೆ ಸೇರಿದ. ಕ್ಯಾಬರೆ ವಾಲ್ಟೇರ್ ತಂಡದ ಮೊದಲ ಕಛೇರಿ ಹೀಗೆ ಮುಗಿಯಿತು.

ಆ ಊರಿನ ದುಡಿಯುವ ಜನ ಹಗಲೂ ರಾತ್ರಿ ಕೇಳುತ್ತಿದ್ದ ಸದ್ದು ಅದು. ಊರಿಗೆ ಅನ್ನ ಕೊಟ್ಟ ಸದ್ದು. ಕಾರ್ಖಾನೆಯ ಒಳಗಿದ್ದಾಗ ಅದರ ತಂಟೆಗೆ ಯಾರೂ ಹೋಗಲಿಲ್ಲ. ಅದೇ ಸದ್ದು ವಿಶ್ವವಿದ್ಯಾಲಯದ ಸಭಾಂಗಣಕ್ಕೆ ಬಂದು 'ನಾನೂ ಸಂಗೀತವೇ' ಅಂದಾಗ ಕೈ ಎತ್ತಿದರು. ತಮಟೆ, ಹಲಗೆಯ ಕತೆ ಗೊತ್ತಿರುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ದೇವರ ಉತ್ಸವಕ್ಕೆ, ಹೆಣದ ಮುಂದೆ ಬಾರಿಸೋಕೆ ಬೇಕಾದ ವಾದ್ಯ ಸಂಗೀತ ಸಭೆಯ ವೇದಿಕೆಗೆ ಬೇಡವಾಗಿತ್ತು. ಯಾವುದು ನಾದ, ಯಾವುದು ಗದ್ದಲ ಅನ್ನೋದನ್ನು ಕಿವಿಯೊಂದೇ ತೀರ್ಮಾನಿಸೋದಿಲ್ಲ. ಆ ಕಿವಿ ಯಾರದು, ಅದು ಎಲ್ಲಿ ಕೂತಿದೆ ಅನ್ನೋದೂ ಸೇರಿ ತೀರ್ಮಾನಿಸುತ್ತದೆ.

ಹಾಗಂತ ಎರಡನ್ನೂ ಒಂದೇ ತಕ್ಕಡಿಗೆ ಹಾಕೋದು ಸುಳ್ಳಾಗುತ್ತದೆ. ಷೆಫೀಲ್ಡಿನ ಆ ಹುಡುಗರನ್ನು ಹುಟ್ಟಿನ ಕಾರಣಕ್ಕೆ ಯಾರೂ ಊರಾಚೆ ಇಟ್ಟಿರಲಿಲ್ಲ. ಸುತ್ತಿಗೆಯ ಕೆಲಸವೂ ಅವರದಾಗಿರಲಿಲ್ಲ. ಟೇಪಿನಲ್ಲಿದ್ದ ಸುತ್ತಿಗೆಯನ್ನು ನಡೆಸಿದ ಕಾರ್ಮಿಕನ ಹೆಸರು ಯಾವ ರೆಕಾರ್ಡಿನ ಮೇಲೂ ಇಲ್ಲ. ಇದನ್ನು ಮರೆಯದೆ ಮುಂದೆ ಹೋಗೋಣ. ನಾವು ಇಲ್ಲಿ ಕೇಳಬೇಕೆಂದಿರುವುದು ಬೇರೆಯದೇ ಪ್ರಶ್ನೆ: ಒಂದು ತಂಡದಿಂದ ಅದರ ಮುಖ್ಯ ಕೈಯೊಂದು ಕಳಚಿಹೋದಾಗ, ಉಳಿದವರು ಆ ಖಾಲಿ ಜಾಗದಲ್ಲಿ ಏನನ್ನಿಡಬೇಕು?

2

ತಂಡ ಶುರುವಾಗಿದ್ದು 1973ರಲ್ಲಿ, ಕ್ರಿಸ್ ವಾಟ್ಸನ್‌ನ ಮನೆಯ ಅಟ್ಟದ ಮೇಲೆ. ವಾಟ್ಸನ್ ಟೆಲಿಫೋನ್ ಇಲಾಖೆಯ ಕೆಲಸಗಾರ. ಜೊತೆಗಿದ್ದವರು ರಿಚರ್ಡ್ ಎಚ್. ಕರ್ಕ್, ಸ್ಟೀಫನ್ ಮ್ಯಾಲಿಂಡರ್. ಮೂವರಲ್ಲಿ ಯಾರಿಗೂ ಶಾಸ್ತ್ರೀಯ ಪಾಠ ಆಗಿರಲಿಲ್ಲ. ಹೆಸರು ತೆಗೆದುಕೊಂಡಿದ್ದು 1916ರಲ್ಲಿ ಜ್ಯೂರಿಕ್ ನಗರದಲ್ಲಿ ದಾದಾ ಪಂಥದ ಕವಿಗಳು, ಕಲಾವಿದರು ಸೇರುತ್ತಿದ್ದ ಪಾನಗೃಹದಿಂದ. ಮಹಾಯುದ್ಧದ ಹೆಣಗಳ ನಡುವೆ 'ಸುಂದರ ಕಲೆ' ಅನ್ನುವ ಮಾತೇ ಅಸಹ್ಯವಾಗಿ ಕಂಡವರು ಅವರು.

ವಾಟ್ಸನ್‌ಗೆ ಚಿಕ್ಕಂದಿನಲ್ಲಿ ಅಪ್ಪ ಅಮ್ಮ ಒಂದು ಟೇಪ್ ರೆಕಾರ್ಡರ್ ಕೊಡಿಸಿದ್ದರು. ಅಡಿಗೆಮನೆಯ ಕಿಟಕಿಯಾಚೆ ಹಕ್ಕಿಗಳಿಗೆ ಕಾಳು ಹಾಕುವ ಹಲಗೆಯ ಮೇಲೆ ಅದನ್ನಿಟ್ಟು ಹಕ್ಕಿಗಳ ದನಿ ಹಿಡಿದ ಹುಡುಗ ಅವನು. ತಂಡದಲ್ಲೂ ಟೇಪಿನ ಕೆಲಸ ಅವನದೇ. ಟೇಪನ್ನು ಬ್ಲೇಡಿನಿಂದ ಕತ್ತರಿಸಿ, ಎರಡು ತುದಿ ಅಂಟಿಸಿ ಬಳೆ ಮಾಡಿದರೆ ಒಂದೇ ಸದ್ದು ಸುತ್ತಿ ಸುತ್ತಿ ಬರುತ್ತದೆ. ಸುತ್ತಿಗೆಯ ಪೆಟ್ಟು ಹಾಗೆ ಸುತ್ತಿದಾಗ ತಾಳವಾಗುತ್ತದೆ. ರೇಡಿಯೋ ಮಾತು ಸುತ್ತಿದಾಗ ಅದರೊಳಗಿನ ಬೆದರಿಕೆ ಹೊರಗೆ ಬರುತ್ತದೆ. ಇದಕ್ಕೆ ಸಾವಿರಾರು ಪೌಂಡಿನ ಯಂತ್ರ ಬೇಕಾಗಿರಲಿಲ್ಲ. ಒಂದು ಬ್ಲೇಡು, ಅಂಟು, ತಾಳ್ಮೆ ಇದ್ದರೆ ಸಾಕಿತ್ತು.

ಆಮೇಲೆ ಊರೊಳಗೆ ವೆಸ್ಟರ್ನ್ ವರ್ಕ್ಸ್ ಅನ್ನುವ ಹಳೆಯ ಕಟ್ಟಡದಲ್ಲಿ ಅವರು ತಮ್ಮದೇ ಸ್ಟುಡಿಯೋ ಮಾಡಿಕೊಂಡರು. ಮೊದಲು ಅಲ್ಲಿ ಯುವ ಸಮಾಜವಾದಿಗಳ ಕಛೇರಿಯಿತ್ತು. ಇದನ್ನು ಸಣ್ಣ ಸಂಗತಿ ಅಂತ ನಾವು ತಿಳಿದಿಲ್ಲ. ಸ್ಟುಡಿಯೋವನ್ನು ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಹಿಡಿದವನು ತಪ್ಪು ಮಾಡಲು ಹೆದರುತ್ತಾನೆ, ತಪ್ಪು ಮಾಡದೆ ಹೊಸದು ಹುಟ್ಟೋದಿಲ್ಲ. ಸ್ವಂತ ಜಾಗ ಇದ್ದವನು ರಾತ್ರಿಯೆಲ್ಲ ಕೆಡಿಸಿ ಕಟ್ಟಬಹುದು. ನಮ್ಮ ಕಡೆ ಕೈಯಿಂದ ಕಾಸು ಹಾಕಿ ಸಣ್ಣ ಪತ್ರಿಕೆ ನಡೆಸಿದವರಿಗೆ ಈ ಸ್ವಾತಂತ್ರ್ಯದ ಬೆಲೆ ಗೊತ್ತು. ಅವರು ಆ ಬಾಗಿಲನ್ನು ಬೇರೆಯವರಿಗೂ ತೆರೆದರು. ಹಾಡುಗಾರನನ್ನು ಕಳೆದುಕೊಂಡ ಜಾಯ್ ಡಿವಿಜನ್ ತಂಡದ ಉಳಿದವರು ನ್ಯೂ ಆರ್ಡರ್ ಆಗಿ ತಮ್ಮ ಮೊದಲ ಧ್ವನಿಮುದ್ರಣಗಳಲ್ಲಿ ಕೆಲವನ್ನು 1980ರಲ್ಲಿ ಇಲ್ಲೇ ಮಾಡಿದರು.

1978ರಿಂದ 1981ರವರೆಗೆ ರಫ್ ಟ್ರೇಡ್ ಎಂಬ ಸ್ವತಂತ್ರ ಕಂಪನಿ ಇವರ ರೆಕಾರ್ಡುಗಳನ್ನು ತಂದಿತು. 'ಮಿಕ್ಸ್-ಅಪ್', 'ದಿ ವಾಯ್ಸ್ ಆಫ್ ಅಮೆರಿಕ', 'ರೆಡ್ ಮೆಕ್ಕಾ' ಇವು ಮುಖ್ಯವಾದವು. ಇವುಗಳನ್ನು ಕೇಳಿದರೆ ಮೊದಲು ತಲೆನೋವು ಬರುತ್ತದೆ. ಮ್ಯಾಲಿಂಡರ್‌ನ ದನಿಯನ್ನು ಯಂತ್ರದಲ್ಲಿ ಹಾಕಿ ಹಿಂಡಿ ಎಲ್ಲೋ ಆಳದಲ್ಲಿ ಹೂತಿರುತ್ತಾರೆ. ಗಿಟಾರು ಗಿಟಾರಿನ ಹಾಗೆ ಕೇಳೋದಿಲ್ಲ. ಅಗ್ಗದ ಡ್ರಮ್ ಮೆಷಿನ್ ಬಿಡದೆ ಕುಟ್ಟುತ್ತಿರುತ್ತದೆ. ನಡುವೆ ಪೊಲೀಸರ, ರಾಜಕಾರಣಿಗಳ, ಪಾದ್ರಿಗಳ ಮಾತಿನ ತುಣುಕು. 1981ರ ಒಂದು ರೆಕಾರ್ಡಿನಲ್ಲಿ ಅಮೆರಿಕದ ಟಿ.ವಿ. ಪಾದ್ರಿಯೊಬ್ಬ ಭಕ್ತರಿಂದ ದುಡ್ಡು ಕೀಳುವ ಮಾತನ್ನೇ ಸುತ್ತಿಸಿದ್ದಾರೆ. ವ್ಯಾಖ್ಯಾನ ಇಲ್ಲ, ಬೈಗುಳ ಇಲ್ಲ. ದೇವರ ಹೆಸರಿನ ವಸೂಲಿಯನ್ನು ಅದರದೇ ಬಾಯಿಂದ ಆಡಿಸಿದ್ದಾರೆ. ಪುರೋಹಿತಶಾಹಿಯನ್ನು ಬಯಲಿಗೆಳೆಯುವ ಈ ದಾರಿಯಿಂದ ಘೋಷಣೆಯ ಪದ್ಯಕ್ಕೆ ತೃಪ್ತರಾಗುವ ನಾವೂ ಕಲಿಯಬಹುದು.

ದೋಷವೂ ಇದೆ. 1980ರಲ್ಲಿ 'ತ್ರೀ ಮಂತ್ರಾಸ್' ಅಂತ ಒಂದು ರೆಕಾರ್ಡು ಮಾಡಿದರು. ಹೆಸರಿಗೆ ಮೂರು ಮಂತ್ರ, ಒಳಗೆ ಇರೋದು ಎರಡೇ: ಒಂದು ಪಶ್ಚಿಮದ್ದಂತೆ, ಇನ್ನೊಂದು ಪೂರ್ವದ್ದಂತೆ. ತಮಾಷೆ ಸರಿ. ಆದರೆ ಮಂತ್ರ ಅನ್ನೋ ಮಾತು ಯಾರ ಕಿವಿಗೆ ಕಾದ ಸೀಸವಾಗಿತ್ತು ಅಂತ ಅವರಿಗೆ ತಿಳಿದಿರಲಿಲ್ಲ. ಅಂಗಡಿಯಲ್ಲಿ ಊದುಬತ್ತಿ ಕೊಂಡ ಹಾಗೆ ಪೂರ್ವವನ್ನು ಕೊಂಡುಕೊಂಡರು. 'ರೆಡ್ ಮೆಕ್ಕಾ' ಎಂಬ ಹೆಸರಿನಲ್ಲೂ ಅದೇ ಉಡಾಫೆ ಇದೆ. ಪಶ್ಚಿಮದ ಪಾದ್ರಿಯನ್ನು ಅವರು ಹತ್ತಿರದಿಂದ ಬಲ್ಲರು, ಅದಕ್ಕೇ ಅಲ್ಲಿ ಏಟು ಗುರಿ ಮುಟ್ಟಿದೆ. ಪೂರ್ವ ಅವರಿಗೆ ಬರೀ ಬಣ್ಣ.

3

'ರೆಡ್ ಮೆಕ್ಕಾ' ಹೊರಬಂದ ವರ್ಷವೇ, 1981ರ ಕೊನೆಯ ಹೊತ್ತಿಗೆ ವಾಟ್ಸನ್ ತಂಡ ಬಿಟ್ಟ. ಜಗಳ ಮಾಡಿಕೊಂಡು ಬಾಗಿಲು ಬಡಿದು ಹೋದವನಲ್ಲ. ಟೈನ್ ಟೀಸ್ ಎಂಬ ಟೆಲಿವಿಷನ್ ಕಂಪನಿಯಲ್ಲಿ ಧ್ವನಿ ಹಿಡಿಯುವ ಕೆಲಸ ಸಿಕ್ಕಿತು, ಹೋದ. ಆ ಊರಲ್ಲಿ ಕೆಲಸ ಅನ್ನೋದು ಆಗ ಹಗುರ ಮಾತಾಗಿರಲಿಲ್ಲ. ಹಿಂದಿನ ವರ್ಷ, 1980ರ ಜನವರಿಯಿಂದ ಏಪ್ರಿಲ್‌ವರೆಗೆ, ಬ್ರಿಟನ್ನಿನ ಉಕ್ಕಿನ ಕಾರ್ಮಿಕರು 13 ವಾರ ಮುಷ್ಕರ ಹೂಡಿದ್ದರು. ಅದಾದ ಮೇಲೆ ಷೆಫೀಲ್ಡಿನ ಕುಲುಮೆಗಳು ಒಂದೊಂದಾಗಿ ಆರತೊಡಗಿದ್ದವು. ಹೊಟ್ಟೆಪಾಡಿಗೆ ಹೋದವನನ್ನು ದ್ರೋಹಿ ಅನ್ನುವ ಚಟ ಚಳವಳಿಗಳಿಗಿದೆ. ಹೊಟ್ಟೆ ತುಂಬಿದವರೇ ಆ ಮಾತನ್ನು ಹೆಚ್ಚಾಗಿ ಆಡೋದು. ಉಳಿದ ಇಬ್ಬರೂ ಹಾಗೆ ಆಡಲಿಲ್ಲ ಅನ್ನೋದು ಅವರ ಮುಂದಿನ ಕೆಲಸದಿಂದಲೇ ತಿಳಿಯುತ್ತದೆ.

ಮುಂದಿನ ಕೆಲಸ ಅಂದರೆ 1982ರ 'ಟು ಇಂಟು ಫಾರ್ಟಿಫೈವ್'. ಇದರ ಒಂದರ್ಧ ವಾಟ್ಸನ್ ಇದ್ದಾಗ ತಮ್ಮದೇ ಸ್ಟುಡಿಯೋದಲ್ಲಿ ಮಾಡಿದ್ದು. ಇನ್ನೊಂದರ್ಧ ಅವನು ಹೋದ ಮೇಲೆ ಮ್ಯಾಂಚೆಸ್ಟರಿನಲ್ಲಿ, ಬೇರೆ ವಾದ್ಯಗಾರರನ್ನು ಕೂಡಿಸಿಕೊಂಡು ಮಾಡಿದ್ದು. ತಂಡವೊಂದು ತನ್ನ ಗಾಯವನ್ನು ಮುಚ್ಚಿಡದೆ ಎರಡು ಹೋಳನ್ನೂ ಒಂದೇ ಹೊದಿಕೆಯಲ್ಲಿಟ್ಟು ಕೊಟ್ಟದ್ದು ಅಪರೂಪ. ವಿಮರ್ಶಕನಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಮೊದಲ ಅರ್ಧದಲ್ಲಿ ಸದ್ದುಗಳು ಒಂದರ ಮೇಲೊಂದು ಒರಗಿ ನಿಂತಿವೆ, ಟೇಪು, ಆರ್ಗನ್, ಗಿಟಾರು ಯಾವುದೆಂದು ಬೇರ್ಪಡಿಸಲಾಗದ ಹಾಗೆ. ಎರಡನೆಯದರಲ್ಲಿ ನಡುವೆ ಜಾಗ ಬಿದ್ದಿದೆ. ಆ ಜಾಗದಲ್ಲಿ ಮನುಷ್ಯನ ಕೈ ಬಾರಿಸಿದ ತಾಳ ಕೇಳುತ್ತದೆ, ಬೇಸ್ ಗಿಟಾರು ನಡೆಯುವುದು ಕೇಳುತ್ತದೆ.

ವಾಟ್ಸನ್ ಇದ್ದಾಗ ಅವನು ಏನು ಮಾಡುತ್ತಿದ್ದ ಅಂತ ಕೇಳುಗರಿಗೆ ಸರಿಯಾಗಿ ಗೊತ್ತಿರಲಿಲ್ಲ. ಹಾಡುವವನ ಮುಖ ಎಲ್ಲರಿಗೂ ಗೊತ್ತಿರುತ್ತದೆ, ಟೇಪು ಅಂಟಿಸುವವನದು ಗೊತ್ತಿರೋದಿಲ್ಲ. ಅವನು ಹೋದ ಮೇಲೆ ಆ ದಟ್ಟಣೆಯನ್ನು ಹೊತ್ತು ನಿಂತವನು ಅವನೇ ಅಂತ ತಿಳಿಯಿತು. ನಮ್ಮ ಸಂಘಟನೆಗಳಲ್ಲೂ ಹಾಗೇ ತಾನೇ? ಭಾಷಣದವನ ಹೆಸರು ಕರಪತ್ರದಲ್ಲಿರುತ್ತದೆ. ಚಾಪೆ ಹಾಸಿದವನು, ರಾತ್ರಿ ಗೋಡೆಗೆ ಅಂಟು ಬಳಿದವನು ಬಿಟ್ಟುಹೋದ ಮೇಲೆ ಸಭೆ ಯಾಕೆ ಕೂಡ್ತಿಲ್ಲ ಅಂತ ತಲೆ ಕೆರೆದುಕೊಳ್ಳುತ್ತೇವೆ.

4

ಅದೇ ಷೆಫೀಲ್ಡಿನಲ್ಲಿ, ಅದೇ ಹೊತ್ತಿಗೆ, ಇನ್ನೊಂದು ಎಲೆಕ್ಟ್ರಾನಿಕ್ ತಂಡವೂ ಒಡೆದಿತ್ತು. ಅದು ಹ್ಯೂಮನ್ ಲೀಗ್. 1980ರ ಕೊನೆಯಲ್ಲಿ ಯಂತ್ರಗಳ ಕೆಲಸ ಬಲ್ಲ ಮಾರ್ಟಿನ್ ವೇರ್, ಇಯಾನ್ ಕ್ರೇಗ್ ಮಾರ್ಷ್ ಹೊರಗೆ ಹೋದರು. ಹೆಸರು ಹಾಡುಗಾರ ಫಿಲ್ ಓಕಿಯ ಪಾಲಿಗೆ ಉಳಿಯಿತು. ಓಕಿ ಊರಿನ ಡಿಸ್ಕೋದಲ್ಲಿ ಕುಣಿಯುತ್ತಿದ್ದ ಶಾಲೆಯ ಹುಡುಗಿಯರಿಬ್ಬರನ್ನು, ಸೂಸನ್ ಆನ್ ಸಲ್ಲಿ, ಜೊಆನ್ ಕ್ಯಾಥರಾಲ್ ಅವರನ್ನು, ತಂಡಕ್ಕೆ ಕರೆತಂದ. ಬೇರೆ ವಾದ್ಯಗಾರರನ್ನೂ ಸೇರಿಸಿಕೊಂಡ. 1981ರಲ್ಲಿ 'ಡೇರ್' ಬಂತು. ಅದರ ಒಂದು ಹಾಡು ಆ ವರ್ಷದ ಕ್ರಿಸ್‌ಮಸ್ ಹೊತ್ತಿಗೆ ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೇರಿತು. ಹೊರಗೆ ಹೋದವರು ಹೆವನ್ 17 ಅಂತ ತಂಡ ಕಟ್ಟಿ, ಫ್ಯಾಸಿಸಂ ವಿರೋಧಿಸಿ ಕುಣಿಯುವ ಹಾಡು ಮಾಡಿದರು.

ಇದನ್ನು ಯಾಕೆ ಹೇಳಿದೆವು ಅಂದರೆ, ಜನ ಬಿಟ್ಟುಹೋದಾಗ ತಂಡದ ಮುಂದೆ ಮೂರು ದಾರಿ ಇರುತ್ತವೆ. ಹೋದವನ ಹಾಗೇ ಬಾರಿಸುವ ಇನ್ನೊಬ್ಬನನ್ನು ತಂದು ಕೂರಿಸೋದು ಒಂದು. ಆಗ ತಂಡ ತನ್ನದೇ ತಿಥಿ ಮಾಡಿಕೊಂಡ ಹಾಗೆ. ಎರಡನೆಯದು ಹ್ಯೂಮನ್ ಲೀಗ್ ಹಿಡಿದದ್ದು: ಹೊಸ ಜನರನ್ನು ತಂದು ಹೊಸ ತಂಡವನ್ನೇ ಮಾಡೋದು, ಹೆಸರು ಮಾತ್ರ ಹಳೆಯದು. ಇದನ್ನು ನಾವು ಕೀಳು ಅನ್ನೋದಿಲ್ಲ. ಆ ಹುಡುಗಿಯರನ್ನು ಬರೀ ಕುಣಿಯುವವರು ಅಂತ ಗೇಲಿ ಮಾಡಿದವರಿದ್ದರು. ಅವರು ಬಂದದ್ದರಿಂದಲೇ ಆ ಸಂಗೀತ ಗಂಡುಹುಡುಗರ ಯಂತ್ರದ ಕೋಣೆಯಿಂದ ಬೀದಿಗೆ ಬಂತು. ಮೂರನೆಯದು ಕ್ಯಾಬರೆ ವಾಲ್ಟೇರ್ ದಾರಿ. ಹೋದವನ ಜಾಗಕ್ಕೆ ಇನ್ನೊಬ್ಬ ಸದಸ್ಯನನ್ನು ತರಲೇ ಇಲ್ಲ. ಹೊರಗಿನ ವಾದ್ಯಗಾರರು ಬಂದರು, ಹೋದರು. ತಂಡವಾಗಿ ಉಳಿದವರು ಇಬ್ಬರೇ. ಆ ಇಬ್ಬರು ತಾವೇ ಬದಲಾದರು.

5

ಬದಲಾದದ್ದು ಪೂರ್ತಿಯಾಗಿ ಕೇಳೋದು 1983ರ 'ದಿ ಕ್ರ್ಯಾಕ್‌ಡೌನ್'ನಲ್ಲಿ. ಸಮ್ ಬಿಜಾರ್ ಎಂಬ ಲಂಡನ್ನಿನ ಸಣ್ಣ ಕಂಪನಿಯ ಮೂಲಕ ವರ್ಜಿನ್‌ನಂಥ ದೊಡ್ಡ ಕಂಪನಿಯ ದುಡ್ಡು ಬಂತು. ಧ್ವನಿಮುದ್ರಣ ಲಂಡನ್ನಿನ ಟ್ರೈಡೆಂಟ್ ಸ್ಟುಡಿಯೋದಲ್ಲಿ, ಫ್ಲಡ್ ಎಂಬ ಹೆಸರಿನ ಯುವ ತಂತ್ರಜ್ಞನ ಜೊತೆ. ರೆಕಾರ್ಡು ಬ್ರಿಟನ್ನಿನ ಪಟ್ಟಿಯಲ್ಲಿ 31ನೇ ಸ್ಥಾನ ಮುಟ್ಟಿತು.

ಮೊದಲು ಹೂತುಹೋಗಿದ್ದ ಮ್ಯಾಲಿಂಡರ್‌ನ ದನಿ ಇಲ್ಲಿ ಮುಂದೆ ಬಂದಿದೆ. ಆದರೆ ಅವನು ಕೂಗೋದಿಲ್ಲ, ಕಿವಿಯ ಹತ್ತಿರ ಬಂದು ಪಿಸುಗುಡುತ್ತಾನೆ. ಹಳೆಯ ರೆಕಾರ್ಡುಗಳಲ್ಲಿ ಅಧಿಕಾರ ಅನ್ನೋದು ರೇಡಿಯೋದಿಂದ, ಟಿ.ವಿ.ಯಿಂದ, ಹೊರಗಿನಿಂದ ಬರುತ್ತಿತ್ತು. ಇಲ್ಲಿ ಅದು ಮನೆಯೊಳಗೇ ಬಂದು ಕೂತಿದೆ. ಹೊದಿಕೆಯ ಚಿತ್ರದಲ್ಲಿ ಕ್ಯಾಮರಾಗಳಿವೆ. ಕಣ್ಗಾವಲಿನ ಭಯವನ್ನು ಮೊದಲು ಗದ್ದಲದಲ್ಲಿ ಹೇಳುತ್ತಿದ್ದರು, ಈಗ ಕುಣಿತದಲ್ಲಿ ಹೇಳುತ್ತಾರೆ. ಕಾಲು ಕುಣಿಯುತ್ತದೆ, ಬೆನ್ನು ತಣ್ಣಗಾಗುತ್ತದೆ. ಇದೇ ಈ ರೆಕಾರ್ಡಿನ ಗೆಲುವು. ಟೇಪಿನವನು ಹೋದ ಮೇಲೆ ಟೇಪಿನ ಕೆಲಸವನ್ನು ಇಡೀ ತಾಳಕ್ಕೆ ವಹಿಸಿದರು. ಒಂದೇ ಸದ್ದು ಸುತ್ತಿ ಸುತ್ತಿ ಬರುವ ಅದೇ ಗುಣ ಬ್ಲೇಡಿನಿಂದ ಕತ್ತರಿಸಿದ ಬಳೆಯಿಂದ ಸೀಕ್ವೆನ್ಸರ್ ಎಂಬ ಯಂತ್ರಕ್ಕೆ, ಕುಣಿಯುವವರ ದೇಹಕ್ಕೆ ದಾಟಿತು. ಆದ್ದರಿಂದ 'ಇವರು ಮಾರಿಕೊಂಡರು' ಅನ್ನುವ ಹಳೆಯ ಅಭಿಮಾನಿಗಳ ಆಪಾದನೆಯನ್ನು ನಾವು ಒಪ್ಪೋದಿಲ್ಲ. ಜನ ಸೇರುವಲ್ಲಿಗೆ ಹೋಗೋದು ಮಾರಿಕೊಳ್ಳೋದಲ್ಲ. ಅರ್ಥವಾಗದ್ದನ್ನೇ ಶ್ರೇಷ್ಠ ಅಂತ ಹತ್ತು ಜನ ತಲೆದೂಗುವ ನವ್ಯರ ಕಾಯಿಲೆ ನಮಗೆ ಗೊತ್ತಿದೆ.

ಕೇಳಲೇಬೇಕಾದ ಪ್ರಶ್ನೆ ಬೇರೆ ಇದೆ. ಈ ಹೊಸ ತಾಳ ಎಲ್ಲಿಂದ ಬಂತು?

ಅದು ಅಮೆರಿಕದ ಕಪ್ಪು ಜನರ ಫಂಕ್ ಸಂಗೀತದಿಂದ ಬಂತು. ಷೆಫೀಲ್ಡಿನ ಹುಡುಗರು ಚಿಕ್ಕಂದಿನಿಂದ ಆ ಸಂಗೀತಕ್ಕೆ ಕುಣಿದವರೇ, ಕದ್ದುಕೊಂಡು ಬಂದರು ಅಂತ ಸುಮ್ಮನೆ ಹೇಳೋದು ಅನ್ಯಾಯವಾಗುತ್ತದೆ. ಕೊಡುಕೊಳೆ ಎರಡೂ ಕಡೆಯಿಂದ ನಡೆಯುತ್ತಿತ್ತು. 1982ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್ ಕೇರಿಯಿಂದ 'ಪ್ಲಾನೆಟ್ ರಾಕ್' ಅನ್ನುವ ರೆಕಾರ್ಡು ಬಂತು. ಅದರ ರಾಗ ಜರ್ಮನಿಯ ಕ್ರಾಫ್ಟ್‌ವರ್ಕ್ ತಂಡದ್ದು. ಬಿಳಿಯರ ಯಂತ್ರದ ರಾಗವನ್ನು ಕಪ್ಪು ಹುಡುಗರು ತಮ್ಮ ಬೀದಿಯ ಕುಣಿತಕ್ಕೆ ಬಗ್ಗಿಸಿಕೊಂಡರು. ಆ ರೆಕಾರ್ಡಿನ ಯಂತ್ರಗಳ ಕೆಲಸದಲ್ಲಿ ಕೈ ಇದ್ದ ಜಾನ್ ರೋಬಿಯೇ ಮರುವರ್ಷ ಕ್ಯಾಬರೆ ವಾಲ್ಟೇರ್‌ನ 'ಯಶಾರ್' ಹಾಡನ್ನು ಕ್ಲಬ್ಬುಗಳಿಗಾಗಿ ಮತ್ತೆ ಕಟ್ಟಿಕೊಟ್ಟ. ಹೀಗೆ ಜರ್ಮನಿಯ ರಾಗ ಬ್ರಾಂಕ್ಸಿಗೆ ಹೋಗಿ, ಬ್ರಾಂಕ್ಸಿನ ತಾಳ ಷೆಫೀಲ್ಡಿಗೆ ಬಂತು. ಸಂಗೀತಕ್ಕೆ ಮಡಿ ಇಲ್ಲ, ಇರಲೂಬಾರದು.

ಆದರೆ ದುಡ್ಡಿಗೂ ಹೆಸರಿಗೂ ಮಡಿ ಇದೆ. ಬಿಳಿಯರು ಮಾಡಿದರೆ ಅದು 'ಪ್ರಯೋಗ', ಕಪ್ಪು ಜನ ಮಾಡಿದರೆ ಬರೀ 'ಡಾನ್ಸ್'. ಸಂಗೀತ ಪತ್ರಿಕೆಗಳು ಇವರ ಬಗ್ಗೆ ಬರೆದಾಗ ತತ್ವಜ್ಞಾನ ತರುತ್ತಾರೆ, ಬರೋಸ್ ಹೆಸರು ತರುತ್ತಾರೆ, ದಾದಾ ಹೆಸರು ತರುತ್ತಾರೆ. ತಾಳ ಕೊಟ್ಟವರನ್ನು 'ಪ್ರಭಾವ' ಅನ್ನುವ ಒಂದು ಮಾತಿನಲ್ಲಿ ಮುಗಿಸುತ್ತಾರೆ. ಜನಪದ ಗಾಯಕಿಯ ಹಾಡನ್ನು ಸಂಗ್ರಹಿಸಿ ಪುಸ್ತಕದ ಮೇಲೆ ತನ್ನ ಹೆಸರು ಹಾಕಿಕೊಂಡ ವಿದ್ವಾಂಸರು ನಮ್ಮಲ್ಲೂ ಇಲ್ಲವೆ?

ಈ ಮಾತಿನಲ್ಲಿ ತಂಡಕ್ಕಿಂತ ಪತ್ರಿಕೆಗಳ ತಪ್ಪು ದೊಡ್ಡದು. ತಂಡ ಕೊನೆಗೆ ಸಾಲಗಾರನ ಮನೆಗೇ ಹೋಯಿತು. 1990ರ 'ಗ್ರೂವಿ, ಲೇಯ್ಡ್‌ಬ್ಯಾಕ್ ಅಂಡ್ ನ್ಯಾಸ್ಟಿ' ರೆಕಾರ್ಡನ್ನು ಅವರು ಷಿಕಾಗೋಗೆ ಹೋಗಿ ಮಾರ್ಷಲ್ ಜೆಫರ್ಸನ್ ಜೊತೆ ಮಾಡಿದರು. ಜೆಫರ್ಸನ್ ಅಂಚೆ ಇಲಾಖೆಯಲ್ಲಿ ದುಡಿಯುತ್ತಲೇ ಹೌಸ್ ಸಂಗೀತವನ್ನು ಕಟ್ಟಿದವರಲ್ಲಿ ಒಬ್ಬ, ಕಪ್ಪು ಮನುಷ್ಯ. ಅವನ ಹೆಸರನ್ನು ಮುಚ್ಚಿಡಲಿಲ್ಲ. ಆದರೆ ರೆಕಾರ್ಡು ಚೆನ್ನಾಗಿದೆಯೆ? ನಮ್ಮ ಕಿವಿಗೆ ಇಲ್ಲ. ಅಲ್ಲಿ ಷೆಫೀಲ್ಡ್ ಇಲ್ಲ, ಸಂದೇಹ ಇಲ್ಲ, ಪಿಸುಮಾತಿನ ಭಯ ಇಲ್ಲ. 1983ರಲ್ಲಿ ಒಬ್ಬ ಹೋದದ್ದಕ್ಕೆ ಬದಲಾದರು, ಒಳಗಿನ ಒತ್ತಡ ಇತ್ತು. 1987ರಲ್ಲಿ ಇಎಂಐ ಸೇರಿದ ಮೇಲೆ ಬದಲಾದದ್ದಕ್ಕೆ ಪೇಟೆಯ ಒತ್ತಡವೇ ಹೆಚ್ಚು. ಎರಡೂ ಬದಲಾವಣೆಯೇ. ಒಂದು ಬೇರಿನಿಂದ ಬಂದದ್ದು, ಇನ್ನೊಂದು ಅಂಗಡಿಯಿಂದ ತಂದದ್ದು.

6

ಇನ್ನೊಂದು ಲೆಕ್ಕ ಬಾಕಿ ಇದೆ. 1984ರ ಮಾರ್ಚಿನಿಂದ ಒಂದು ವರ್ಷ ಬ್ರಿಟನ್ನಿನ ಗಣಿ ಕಾರ್ಮಿಕರು ಮುಷ್ಕರ ಹೂಡಿದರು. ಅವರ ಸಂಘದ ಕೇಂದ್ರ ಕಛೇರಿ ಆಗ ಷೆಫೀಲ್ಡಿನಲ್ಲೇ ಇತ್ತು. ಜೂನ್ 18ರಂದು ಊರಿನ ಅಂಚಿನ ಆರ್‌ಗ್ರೀವ್‌ನಲ್ಲಿ ಕುದುರೆ ಪೊಲೀಸರು ಕಾರ್ಮಿಕರ ಮೇಲೆ ಹರಿದರು. ಅದೇ ವರ್ಷ ಕ್ಯಾಬರೆ ವಾಲ್ಟೇರ್ 'ಮೈಕ್ರೋ-ಫೋನೀಸ್' ತಂದಿತು. ಒಳ್ಳೆಯ ರೆಕಾರ್ಡು. ಆದರೆ ಅದರಲ್ಲಿ ಆ ಮುಷ್ಕರ ನೇರವಾಗಿ ಕೇಳೋದಿಲ್ಲ. ಲಂಡನ್ನಿನ ಟೆಸ್ಟ್ ಡಿಪಾರ್ಟ್‌ಮೆಂಟ್ ತಂಡ ಹಳೆಯ ಕಬ್ಬಿಣ ಬಡಿಯುತ್ತ, ದಕ್ಷಿಣ ವೇಲ್ಸಿನ ಮುಷ್ಕರನಿರತ ಗಣಿಗಾರರ ಗಾಯನ ತಂಡದ ಜೊತೆ ಸೇರಿ ರೆಕಾರ್ಡು ಮಾಡಿತು. ಸುತ್ತಿಗೆಯ ಸದ್ದಿನಿಂದ ಶುರುವಾದ ತಂಡಕ್ಕೆ ಸುತ್ತಿಗೆ ಹಿಡಿದವರು ಬೀದಿಗೆ ಬಿದ್ದಾಗ ಹೇಳಲು ಏನೂ ಇರಲಿಲ್ಲವೆ?

ಇದಕ್ಕೆ ಅವರ ಪರವಾದ ಉತ್ತರವೂ ಇದೆ. ಮರುವರ್ಷ, 1985ರಲ್ಲಿ, ಅಮೆರಿಕದ ಬಿಳಿಯರ ಜನಾಂಗದ್ವೇಷಿ ಸಶಸ್ತ್ರ ಗುಂಪೊಂದರ ಹೆಸರನ್ನೇ ತಮ್ಮ ರೆಕಾರ್ಡಿಗಿಟ್ಟರು. ಬೈಬಲ್ಲು, ಬಂದೂಕು ಒಂದೇ ಕೈಯಲ್ಲಿ ಹಿಡಿದವರ ಅಪಾಯವನ್ನು ಅಷ್ಟು ಮುಂಚೆಯೇ ಕೇಳಿಸಿಕೊಂಡ ಕಿವಿ ಅದು. ಇಂದು ಜಗತ್ತು ಹಿಡಿದಿರುವ ದಾರಿ ನೋಡಿದರೆ ಅವರ ಅನುಮಾನ ಸುಳ್ಳಾಗಿಲ್ಲ. ಆದರೆ ದೂರದ ಅಪಾಯ ಕೇಳುವ ಕಿವಿಗೆ ಹತ್ತಿರದ ನರಳಾಟ ಕೇಳದೆ ಹೋಗಬಹುದು. ಇದು ಅವರೊಬ್ಬರ ದೋಷವಲ್ಲ. ವಿಯೆಟ್ನಾಮಿನ ಬಗ್ಗೆ ಪದ್ಯ ಬರೆದು ಪಕ್ಕದ ಕೇರಿಯ ಬಾವಿಯ ಬಗ್ಗೆ ಸುಮ್ಮನಿದ್ದ ಪ್ರಗತಿಪರರನ್ನು ನಾವೂ ನೋಡಿದ್ದೇವೆ.

7

1990ರ ದಶಕದ ನಡುವೆ ಮ್ಯಾಲಿಂಡರ್ ಆಸ್ಟ್ರೇಲಿಯಾಕ್ಕೆ ಹೋದ. ತಂಡ ಮೌನವಾಯಿತು. ಕರ್ಕ್ ಮಾತ್ರ ಷೆಫೀಲ್ಡಿನಲ್ಲೇ ಉಳಿದು ಹತ್ತಾರು ಬೇರೆ ಹೆಸರುಗಳಲ್ಲಿ ಕೆಲಸ ಮಾಡಿದ. 2014ರಲ್ಲಿ ಬರ್ಲಿನ್ನಿನಲ್ಲಿ ಅವನೊಬ್ಬನೇ ಕ್ಯಾಬರೆ ವಾಲ್ಟೇರ್ ಹೆಸರಿನಲ್ಲಿ ವೇದಿಕೆ ಹತ್ತಿದ. ಮೂವರ ತಂಡ ಇಬ್ಬರಾಗಿ ಈಗ ಒಬ್ಬನಾಗಿತ್ತು. ಹಳೆಯ ಹಾಡು ನುಡಿಸೋದಿಲ್ಲ, ನೆನಪಿನ ವ್ಯಾಪಾರ ಮಾಡೋದಿಲ್ಲ ಅಂತ ಅವನು ಹಟ ಹಿಡಿದ. ಹಳೆಯದಕ್ಕೆ ಒಳ್ಳೆಯ ಬೆಲೆ ಬರುವ ಕಾಲದಲ್ಲಿ ಇದು ಸುಲಭದ ಹಟವಲ್ಲ. 2020ರ 'ಶ್ಯಾಡೋ ಆಫ್ ಫಿಯರ್' ಅವನೊಬ್ಬನೇ ಮಾಡಿದ್ದು. ಅದರಲ್ಲಿ ಹರಿದ ಮಾತಿನ ತುಣುಕುಗಳು ಮತ್ತೆ ಬಂದಿವೆ, 1983ರ ಕುಣಿತವೂ ಇದೆ. ಹೋದ ಇಬ್ಬರನ್ನೂ ಅನುಕರಿಸದೆ ಇಬ್ಬರಿಂದ ಕಲಿತದ್ದನ್ನು ಇಟ್ಟುಕೊಂಡಿದ್ದಾನೆ. 2021ರ ಸೆಪ್ಟೆಂಬರಿನಲ್ಲಿ, 65ನೇ ವಯಸ್ಸಿನಲ್ಲಿ ಕರ್ಕ್ ತೀರಿಕೊಂಡ.

ವಾಟ್ಸನ್ ಏನಾದ? ಅವನು ಮತ್ತೆ ಹಕ್ಕಿಗಳ ಹತ್ತಿರ ಹೋದ. ಡೇವಿಡ್ ಅಟೆನ್‌ಬರೋ ಅವರ 'ದಿ ಲೈಫ್ ಆಫ್ ಬರ್ಡ್ಸ್' ಮೊದಲಾದ ಬಿಬಿಸಿ ಸರಣಿಗಳಲ್ಲಿ ಕೇಳುವ ಕಾಡಿನ, ಹಿಮದ, ಹಕ್ಕಿಯ ಸದ್ದುಗಳನ್ನು ಹಿಡಿದವರಲ್ಲಿ ಅವನೂ ಒಬ್ಬ. 2011ರ 'ಎಲ್ ತ್ರೆನ್ ಫಾಂತಾಸ್ಮಾ' ಎಂಬ ರೆಕಾರ್ಡಿನಲ್ಲಿ ಮೆಕ್ಸಿಕೋದಲ್ಲಿ ನಿಂತುಹೋದ ರೈಲು ಮಾರ್ಗವೊಂದರ ಸದ್ದುಗಳಿವೆ: ಚಕ್ರ, ಹಳಿ, ಬ್ರೇಕು, ಕೀಟ, ಗಾಳಿ. ಅದನ್ನು ಕೇಳಿದರೆ ತಿಳಿಯುತ್ತದೆ, ಅವನು ತಂಡ ಬಿಟ್ಟಿದ್ದ, ಕೆಲಸ ಬಿಟ್ಟಿರಲಿಲ್ಲ. 2013ರಲ್ಲಿ ಷೆಫೀಲ್ಡಿಗೇ ವಾಪಸು ಬಂದು, ಆ ಊರಿನ ಸದ್ದುಗಳ ಒಂದು ನಕ್ಷೆಯನ್ನೇ ಅಲ್ಲಿನ ಕಲಾಶಾಲೆಯಲ್ಲಿ ಕಟ್ಟಿದ. ಮೊದಲ ಕಛೇರಿಯಲ್ಲಿ ಏಟು ತಿಂದ ಊರಿನ ಸದ್ದಿಗೆ ಮೂವತ್ತೆಂಟು ವರ್ಷದ ಮೇಲೆ ಕಲಾಶಾಲೆಯ ಬಾಗಿಲು ತೆರೆಯಿತು. ಅಷ್ಟು ಹೊತ್ತಿಗೆ ಕುಲುಮೆಗಳಲ್ಲಿ ಹೆಚ್ಚಿನವು ಮುಚ್ಚಿದ್ದವು. ಬದುಕಿದ್ದಾಗ ಗದ್ದಲ, ಸತ್ತ ಮೇಲೆ ಪರಂಪರೆ! ಪ್ರಭುತ್ವ ಎಲ್ಲ ಕಡೆಯೂ ದುಡಿಯುವವರ ಕಲೆಯನ್ನು ಗೌರವಿಸುವ ರೀತಿ ಇದೇ.

ಮೊದಲ ಕಛೇರಿಗೆ ಐವತ್ತು ವರ್ಷವಾದ ನೆನಪಿಗೆ ವಾಟ್ಸನ್, ಮ್ಯಾಲಿಂಡರ್ ಇಬ್ಬರೂ ಮತ್ತೆ ಈ ಹೆಸರಿನಲ್ಲಿ ಕಛೇರಿ ಮಾಡುವುದಾಗಿ 2025ರಲ್ಲಿ ಸಾರಿದರು. ಕರ್ಕ್ ಬೇಡವೆಂದದ್ದನ್ನು ಇವರು ಮಾಡಬಹುದೆ ಅಂತ ಕೇಳುವವರಿದ್ದಾರೆ. ಗೆಳೆಯನನ್ನು ಕಳೆದುಕೊಂಡ ಇಬ್ಬರು ಮುದುಕರು ಒಟ್ಟಿಗೆ ಕೂತು ನೆನಪು ಮಾಡಿಕೊಳ್ಳೋದನ್ನು ನಾವು ತಪ್ಪು ಅನ್ನೋದಿಲ್ಲ. ಆದರೆ ನೆನಪನ್ನೂ ಹೊಸ ಕೆಲಸವನ್ನೂ ಬೇರೆ ಬೇರೆಯಾಗಿ ತೂಗಬೇಕು. ಈ ತಂಡದ ಹೆಚ್ಚುಗಾರಿಕೆ ಇರೋದು ಎರಡನೆಯದರಲ್ಲಿ.

8

ಇನ್ನು ನಮ್ಮ ಮಾತು. ನಮ್ಮ ಸಂಘಟನೆಗಳು ಒಡೆದದ್ದು ಗುಟ್ಟೇನಲ್ಲ. ಜೊತೆಗೆ ನಡೆದವರು ಕೆಲವರು ಪಕ್ಷಗಳಿಗೆ ಹೋದರು, ಕೆಲವರು ನೌಕರಿಗೆ, ಕೆಲವರು ಇನ್ನೊಂದು ಬಣಕ್ಕೆ, ಕೆಲವರು ಮಣ್ಣಿಗೆ. ಪ್ರತಿ ಸಲವೂ ಉಳಿದವರು ಎರಡೇ ಕೆಲಸ ಮಾಡಿದ್ದೇವೆ. ಹೋದವರನ್ನು ಬೈದಿದ್ದೇವೆ, ಹಳೆಯ ಹಾಡನ್ನೇ ಇನ್ನೂ ಜೋರಾಗಿ ಹಾಡಿದ್ದೇವೆ. ಆ ಹಾಡು ಕಟ್ಟಿದಾಗ ಅದರೊಳಗೆ ಇಷ್ಟು ಜನರ ಕೈ ಇತ್ತು, ಇಂಥವರ ತಮಟೆ ಇತ್ತು, ಇಂಥವರ ಸಿಟ್ಟು ಇತ್ತು. ಆ ಕೈಗಳು ಇಲ್ಲದೆ ಅದೇ ಹಾಡನ್ನು ಅದೇ ಧಾಟಿಯಲ್ಲಿ ಹಾಡಿದರೆ ಅದು ಪೊಳ್ಳಾಗಿ ಕೇಳುತ್ತದೆ. ಹೊಸ ಹುಡುಗರು ಯಾಕೆ ಬರ್ತಿಲ್ಲ ಅಂತ ಆಮೇಲೆ ಕೇಳುತ್ತೇವೆ.

ಷೆಫೀಲ್ಡಿನ ಇಬ್ಬರು 1982ರಲ್ಲಿ ಮಾಡಿದ್ದು ಇಷ್ಟೇ. ಹೋದವನು ಏನು ಮಾಡುತ್ತಿದ್ದ ಅಂತ ಪ್ರಾಮಾಣಿಕವಾಗಿ ಕೇಳಿಕೊಂಡರು. ಅವನ ಕೆಲಸವನ್ನು ತಮ್ಮ ಕೈಗೆ ಒಗ್ಗುವ ಹಾಗೆ ಬೇರೆ ರೀತಿಯಲ್ಲಿ ಮಾಡಿದರು. ಅವನಿದ್ದ ಅರ್ಧವನ್ನೂ ಅವನಿಲ್ಲದ ಅರ್ಧವನ್ನೂ ಒಂದೇ ಹೊದಿಕೆಯಲ್ಲಿಟ್ಟು ಜನರ ಕೈಗೆ ಕೊಟ್ಟರು. ತಪ್ಪುಗಳೂ ಆದವು. ಅವುಗಳನ್ನು ಮೇಲೆ ಹೇಳಿದ್ದೇವೆ, ಯಾವುದನ್ನೂ ಮನ್ನಿಸಿಲ್ಲ.

ನಮ್ಮ ಬಂಡಾಯದ ಎರಡನೆಯ ಅರ್ಧವನ್ನು ಇನ್ನೂ ಯಾರೂ ಬರೆದಿಲ್ಲ. ಅದನ್ನು ಬರೆಯೋಕೆ ಕೂರುವವರು ಮೊದಲು ಚಾಪೆ ಹಾಸಿದವರ ಹೆಸರು ಬರೆದುಕೊಂಡು ಕೂರಲಿ.